ಸೋಲನ್ನು ಲೆಕ್ಕಕ್ಕೆ ಹಿಡಿಯದ ತೆರಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಕ್ಯಾಸಿನೊ ಎಂದರೆ ಗೋವಾ; ಬೆಳಗಾವಿ ದಾಟಿ ಚೋರ್ಲಾ ಘಟ್ಟ ಇಳಿದರೆ, ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ ಹಡಗುಗಳಲ್ಲಿ ಅದು ಪರವಾನಗಿ ಪಡೆದ ವ್ಯವಹಾರ. ಗಡಿಯ ಈಚೆಗೆ ಹಣ ಕಟ್ಟಿ ಆಡುವ ಅಂದರ್-ಬಾಹರ್ ಆಗಲಿ, ಓಸಿ-ಮಟಕಾ ಆಗಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಆದಾಯ ತೆರಿಗೆಯ ಕಣ್ಣಿಗೆ ಮಾತ್ರ ಈ ಗಡಿ ಕಾಣುವುದಿಲ್ಲ: 1972ರ ಹಣಕಾಸು ಕಾಯ್ದೆಯು ಯಾವುದೇ ಬಗೆಯ ಜೂಜಿನ ಗೆಲುವನ್ನು ‘ಆದಾಯ’ ಎಂಬುದರ ವ್ಯಾಖ್ಯೆಯೊಳಗೆ ತಂದಿತು, ಆಟ ಕಾನೂನುಬದ್ಧವೇ ಎಂದು ಅದು ಕೇಳಲಿಲ್ಲ. ಓಸಿಯ ಗೆಲುವನ್ನು ರಿಟರ್ನ್‌ನಲ್ಲಿ ಬರೆಯುವವರು ಯಾರು ಎಂಬುದು ಬೇರೆ ಮಾತು.

1961ರ ಆದಾಯ ತೆರಿಗೆ ಕಾಯ್ದೆಗೆ 1986ರಲ್ಲಿ ಸೇರಿದ ಕಲಂ 115ಬಿಬಿ ಲಾಟರಿ, ಕುದುರೆ ಪಂದ್ಯ, ಇಸ್ಪೀಟುಗಳ ಸಾಲಿನಲ್ಲಿ ಪದಬಂಧವನ್ನೂ ಹೆಸರಿಸುತ್ತದೆ. ಇಂದಿನ ಓದುಗನಿಗೆ ಇದು ವಿಚಿತ್ರವೆನಿಸಬಹುದಾದರೂ, ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪ್ರವೇಶಶುಲ್ಕ ಕಟ್ಟಿ ತುಂಬುವ ಬಹುಮಾನದ ಪದಬಂಧ ದೊಡ್ಡ ಜೂಜೇ ಆಗಿತ್ತು. ಬೆಂಗಳೂರಿನಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯಲ್ಲಿ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ನಡೆಸುತ್ತಿದ್ದ ಸ್ಪರ್ಧೆಗೆ ಮುಂಬಯಿ ರಾಜ್ಯದಿಂದ, ಎಂದರೆ ಆಗ ಅದರ ಭಾಗವಾಗಿದ್ದ ಬೆಳಗಾವಿ ಜಿಲ್ಲೆಯೂ ಸೇರಿದ ಸೀಮೆಯಿಂದ, ಹಣ ಹರಿಯುತ್ತಿತ್ತು. ಆ ಹಣಕ್ಕೆ ತೆರಿಗೆ ಹಾಕಲು ಮುಂಬಯಿ ಸರ್ಕಾರ 1952ರಲ್ಲಿ ತನ್ನ ಕಾಯ್ದೆಯನ್ನು ತಿದ್ದಿತು. 1957ರಲ್ಲಿ ಸುಪ್ರೀಂ ಕೋರ್ಟ್ ಈ ತೆರಿಗೆಯನ್ನು ಎತ್ತಿಹಿಡಿಯುತ್ತ, ಜೂಜಿಗೆ ಸಂವಿಧಾನವು ವ್ಯಾಪಾರಕ್ಕೆ ಕೊಡುವ ರಕ್ಷಣೆ ಇಲ್ಲವೆಂದಿತು. ಜೂಜು ವ್ಯಾಪಾರವಲ್ಲ, ಆದರೆ ತೆರಿಗೆಗೆ ಯೋಗ್ಯ ಎಂಬ ಈ ಇಬ್ಬಂದಿ ನಿಲುವೇ ಇಂದಿನ ನಿಯಮಗಳ ಬೆನ್ನಿಗಿದೆ.

ಅದರ ಫಲ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಗೆಲುವಿಗೆ ಶೇ 30ರ ನೇರ ದರ, ತೆರಿಗೆಯ ಮೇಲೆ ಶೇ 4ರ ಉಪಕರ. ಕಲಂ 58(4) ಯಾವ ಖರ್ಚನ್ನೂ ಕಳೆಯಲು ಬಿಡುವುದಿಲ್ಲ, ಸೋಲನ್ನು ಗೆಲುವಿಗೆ ವಜಾ ಹಾಕುವ ದಾರಿಯೂ ಇಲ್ಲ. ಒಬ್ಬನು ಒಂದು ರಾತ್ರಿ 50,000 ರೂಪಾಯಿ ಸೋತು ಮರುರಾತ್ರಿ 40,000 ಗೆದ್ದನೆಂದುಕೊಂಡರೆ, ಕೈಯಿಂದ ಹೋದದ್ದು 10,000, ಕಟ್ಟಬೇಕಾದ ತೆರಿಗೆ 12,480. ಪಂದ್ಯದ ಕುದುರೆ ಸಾಕಿ ಓಡಿಸುವ ಒಡೆಯನಿಗೆ ಮಾತ್ರ ಆ ಖರ್ಚನ್ನು ಕಳೆಯುವ ಅವಕಾಶ ಉಳಿಸಿರುವುದನ್ನು ನೋಡಿದರೆ, ನಿಯಮದ ಕಠೋರತೆಯ ಹಿಂದೆ ಕೇವಲ ನೀತಿಯೇ ಇದೆಯೆಂದು ಹೇಳುವುದು ಕಷ್ಟ. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ ಹೊಸ ಆದಾಯ ತೆರಿಗೆ ಕಾಯ್ದೆಯೂ ಈ ದರವನ್ನು ಉಳಿಸಿಕೊಂಡಿದೆ.

ಇದಕ್ಕಿಂತ ನ್ಯಾಯವಾದ ವಿಧಾನ ಸರ್ಕಾರಕ್ಕೆ ತಿಳಿಯದ್ದೇನಲ್ಲ. 2023ರಲ್ಲಿ ಆನ್‌ಲೈನ್ ಆಟಗಳಿಗೆ ಬಂದ ಕಲಂ 115ಬಿಬಿಜೆ ಮತ್ತು 194ಬಿಎ ‘ನಿವ್ವಳ ಗೆಲುವು’ ಎಂಬ ಪರಿಕಲ್ಪನೆಯನ್ನು ತಂದವು: ವರ್ಷದಲ್ಲಿ ಖಾತೆಯಿಂದ ತೆಗೆದ ಹಣದಲ್ಲಿ ತಾನೇ ತುಂಬಿದ್ದನ್ನು ಕಳೆದು, ಉಳಿದುದಕ್ಕೆ ಮಾತ್ರ ತೆರಿಗೆ. ಹೀಗಾಗಿ ಫೋನಿನಲ್ಲಿ ಪೋಕರ್ ಆಡಿದವನ ಸೋಲು ಲೆಕ್ಕಕ್ಕೆ ಬಂತು, ಮೇಜಿನ ಮುಂದೆ ಅದೇ ಪೋಕರ್ ಆಡಿದವನದು ಬರಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿದ ಮೇಲಂತೂ, ನ್ಯಾಯವಾದ ನಿಯಮ ನಿಷಿದ್ಧ ಆಟಕ್ಕೂ ಅನ್ಯಾಯದ ನಿಯಮ ಪರವಾನಗಿಯ ಆಟಕ್ಕೂ ಉಳಿದಂತಾಯಿತು.

ನಗದು ಆಟದಲ್ಲಿ ಸುಳ್ಳು ಸೋಲು ತೋರಿಸುವುದು ಸುಲಭ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ 2023ರ ಅಕ್ಟೋಬರ್ 1ರಿಂದ ಕ್ಯಾಸಿನೊ ಜಿಎಸ್‌ಟಿಯನ್ನು ಚಿಪ್ಪು ಕೊಳ್ಳಲು ಕೊಟ್ಟ ಪೂರ್ತಿ ಮೊತ್ತದ ಮೇಲೆ ಎಣಿಸಲಾಗುತ್ತಿದೆ. ಆಗ ಶೇ 28 ಇದ್ದ ದರ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಒಳಗೆ ಹೋದ ಹಣವನ್ನು ಒಂದು ತೆರಿಗೆಗಾಗಿ ಹೀಗೆ ಎಣಿಸುವಾಗ, ಆ ಲೆಕ್ಕವನ್ನು ಆಟಗಾರನ ಪ್ಯಾನ್ ಸಂಖ್ಯೆಗೆ ಜೋಡಿಸಿ ವರ್ಷದ ನಿವ್ವಳವನ್ನು ತೆಗೆಯುವುದಕ್ಕೆ ಅಡ್ಡಿಯಾಗಿರುವುದು ದಾಖಲೆಯ ಕೊರತೆಗಿಂತ ಇಚ್ಛೆಯ ಕೊರತೆ.