ಕನ್ನಡಕ ಉಳೀತು, ಜನ ಎಲ್ಲಿ?

‘ಲಯನ್ ಆಫ್ ದ ಡೆಸರ್ಟ್’ ಸಿನಿಮಾನ ಎರಡು ಸಲ ನೋಡಿದೆ. ಮೊದಲನೆ ಸಲ ಕಣ್ಣು ಒದ್ದೆಯಾಯ್ತು. ಎರಡನೆ ಸಲ ಸಿಟ್ಟು ಬಂತು. ಆ ಸಿಟ್ಟು ಯಾಕೆ ಅಂತ ನನ್ನನ್ನೇ ಕೇಳಿಕೊಂಡು ಬರೆದದ್ದು ಇದು.

1981ರ ಸಿನಿಮಾ. ನಿರ್ದೇಶಕ ಸಿರಿಯಾದಲ್ಲಿ ಹುಟ್ಟಿದ ಮುಸ್ತಫಾ ಅಕ್ಕಾದ್. ದುಡ್ಡು ಲಿಬಿಯಾದ ಗಡಾಫಿ ಸರ್ಕಾರದ್ದು. ಕತೆ ಉಮರ್ ಮುಖ್ತಾರನದು. ಮಕ್ಕಳಿಗೆ ಕುರಾನ್ ಓದಿಸ್ತಿದ್ದ ಮೇಷ್ಟ್ರು ಅವನು. 1911ರಲ್ಲಿ ಇಟಲಿ ಲಿಬಿಯಾದ ಮೇಲೆ ಬಿದ್ದಾಗ ಹೋರಾಟಕ್ಕಿಳಿದವನು ಕೊನೇವರೆಗೂ ಬಿಡಲಿಲ್ಲ. 1931ರ ಸೆಪ್ಟೆಂಬರ್ 11ರಂದು ಸೆರೆ ಸಿಕ್ಕ. 15ರಂದು ವಿಚಾರಣೆ ಅನ್ನೋ ನಾಟಕ. 16ರಂದು ಸುಲೂಕ್ ಎಂಬಲ್ಲಿ ಜನರನ್ನ ಗುಡ್ಡೆ ಹಾಕಿ ಅವರ ಕಣ್ಣೆದುರೇ ನೇಣು. ಆಗ ಅವನಿಗೆ ಎಪ್ಪತ್ತರ ಆಸುಪಾಸು.

ಮುಖ್ತಾರನಾಗಿ ಆಂಟನಿ ಕ್ವಿನ್ ನಟಿಸಿದ್ದಾನೆ ಅನ್ನೋದಕ್ಕಿಂತ ಬದುಕಿದ್ದಾನೆ ಅನ್ನಬೇಕು. ಸೆರೆಮನೆಯ ದೃಶ್ಯ ನೋಡಿ. ಜನರಲ್ ಗ್ರಾಜಿಯಾನಿ ಹಳೇ ರೋಮನ್ ನಾಣ್ಯ ತೋರಿಸಿ ಈ ನೆಲ ನಮ್ಮದು ಅಂತ ವಾದಿಸ್ತಾನೆ. ಎರಡು ಸಾವಿರ ವರ್ಷದ ಕಾಸೇ ಇವನಿಗೆ ಪಹಣಿ ಪತ್ರ! ದರೋಡೆ ಮಾಡೋನಿಗೂ ಒಂದು ದಾಖಲೆ ಬೇಕು ಅನ್ನೋದನ್ನ ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ನಾನು ಕಂಡಿಲ್ಲ.

ಇಟಲಿ ಸರ್ಕಾರ 1982ರಲ್ಲಿ ಇದನ್ನ ನಿಷೇಧಿಸಿತು. ಸೈನ್ಯದ ಮಾನ ಹೋಗುತ್ತಂತೆ. ‘ಇಟಲಿಯವರು ಒಳ್ಳೆ ಜನ, ಬೇರೆ ವಸಾಹತುಗಾರರ ಹಂಗಲ್ಲ’ ಅನ್ನೋ ಮಾತು ಅಲ್ಲಿ ಮನೆಮಾತು. ಇಥಿಯೋಪಿಯಾದ ಯುದ್ಧದಲ್ಲಿ ವಿಷಾನಿಲ ಸುರಿದದ್ದನ್ನ ಅಲ್ಲಿನ ರಕ್ಷಣಾ ಇಲಾಖೆ ಒಪ್ಪಿಕೊಂಡಿದ್ದೇ 1996ರಲ್ಲಿ, ಅರವತ್ತು ವರ್ಷದ ಮೇಲೆ. ಇಂಥವರು ಹೆದರಿದ್ದಾರೆ ಅಂದರೆ ಸಿನಿಮಾಕ್ಕೆ ಹಲ್ಲಿದೆ ಅಂತಲೇ ಅರ್ಥ. ಅದನ್ನ ನಾನು ಅಲ್ಲಗಳೆಯೋದಿಲ್ಲ.

ನನ್ನ ತಕರಾರು ಬೇರೆ. ಇದು ಇಬ್ಬರು ಗಂಡಸರ ಕಾಳಗ. ಒಬ್ಬ ಹುಲಿ, ಇನ್ನೊಬ್ಬ ಬೇಟೆಗಾರ. ಬೇಟೆಗಾರನಿಗೂ ಹುಲಿ ಮೇಲೆ ಒಳಗೊಳಗೇ ಗೌರವ. ನೇಣಾದ ಮೇಲೆ ಮುಖ್ತಾರನ ಕನ್ನಡಕವನ್ನ ಒಬ್ಬ ಹುಡುಗ ಎತ್ತಿಕೊಳ್ಳುತ್ತಾನೆ. ಚೆನ್ನಾಗಿದೆ. ಆದರೆ ಜನ?

1930ರಲ್ಲಿ ಬಡೋಲಿಯೋ ಮತ್ತು ಗ್ರಾಜಿಯಾನಿ ಸೇರಿ ಸಿರೆನೈಕಾ ಪ್ರಾಂತ್ಯದ ಹಸಿರು ಬೆಟ್ಟವನ್ನೇ ಖಾಲಿ ಮಾಡಿಸಿದರು. ಹೋರಾಟಗಾರರಿಗೆ ಅನ್ನ ಹಾಕೋ ಕೈ ಇರಬಾರದು, ಅಷ್ಟೇ ಲೆಕ್ಕ. ಸುಮಾರು ಒಂದು ಲಕ್ಷ ಜನರನ್ನ, ಹೆಂಗಸರು ಮಕ್ಕಳು ಕುರಿ ಒಂಟೆ ಸಮೇತ, ಮರಳುಗಾಡಿನ ಮುಳ್ಳುತಂತಿಯೊಳಗೆ ನೂಕಿದರು. ಅಗೇಲಾ, ಸುಲೂಕ್, ಮಗ್ರೂನ್, ಬ್ರೇಗಾ. ಈಜಿಪ್ಟಿನ ಗಡಿಗೆ 270 ಕಿಲೋಮೀಟರ್ ತಂತಿಬೇಲಿ ಬೇರೆ. ಇಡೀ ಜನ ನಾಶವಾದರೂ ಸರಿ, ಹಿಡಿದ ದಾರಿ ಬಿಡಬಾರದು ಅಂತ ಬಡೋಲಿಯೋ ಕಾಗದದಲ್ಲೇ ಬರೆದಿಟ್ಟಿದ್ದಾನೆ. ಕನಿಷ್ಠ 40,000 ಜನ ಹಸಿವು, ಕಾಯಿಲೆಗೆ ಸತ್ತರು ಅಂತ ಇತಿಹಾಸಕಾರರ ಅಂದಾಜು. ಸಿನಿಮಾದಲ್ಲಿ ಈ ಶಿಬಿರ ಇದೆ. ಇಲ್ಲ ಅನ್ನೋದಿಲ್ಲ. ಆದರೆ ಅದು ಕಾಳಗಗಳ ನಡುವಿನ ಬಿಡುವು.

ಆ ಶಿಬಿರದ ನಿಜವಾದ ಸಿನಿಮಾ ಒಂದು ಹಾಡು. ಅಗೇಲಾದ ತಂತಿಯೊಳಗೆ ಬಂದಿಯಾಗಿದ್ದ ರಜಬ್ ಬುಹುವೈಶ್ ಅಲ್ಲೇ ಕಟ್ಟಿದ್ದು. ಬಾಯಿಂದ ಬಾಯಿಗೆ ಹೋಗಿ ಉಳೀತು. ಅದರಲ್ಲಿ ಕಾಳಗವಿಲ್ಲ. ತನ್ನನ್ನ ತಿನ್ನುತ್ತಿರೋದು ಏನೇನು ಅಂತ ಕವಿ ಒಂದೊಂದಾಗಿ ಎಣಿಸ್ತಾ ಹೋಗ್ತಾನೆ. ದೂರವಾದ ಬಂಧುಗಳು, ಹೋದ ಕುದುರೆ, ಮೈಮುರಿಯೋ ಕೂಲಿ, ಹೆಂಗಸರ ಮೇಲಿನ ದಬ್ಬಾಳಿಕೆ. ಅದು ಎಣಿಕೆ. ಗೋಳಾಟ ಅಲ್ಲ. ಬದುಕುಳಿದವರು ಆ ಕಾಲಕ್ಕೆ ‘ಶರ್’ ಅಂತ ಹೆಸರಿಟ್ಟಿದ್ದರು, ಕೇಡು ಅಂತ. ಅವರ ಬಾಯಿಮಾತನ್ನ ಸೇರಿಸಿ ಅಲಿ ಅಬ್ದುಲ್ಲತೀಫ್ ಅಹ್ಮಿದಾ 2020ರಲ್ಲಿ ಪುಸ್ತಕ ತಂದರು. ನಮ್ಮ ಮನೇಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು. ಅಕ್ಷರ ಬಾರದ ನನ್ನಜ್ಜಿ ಇಸವಿ ಹೇಳೋಳಲ್ಲ, ‘ದನ ಸತ್ತ ವರ್ಷ’ ಅನ್ನೋಳು. ‘ಶರ್’ ಅನ್ನೋ ಪದ ನನಗೆ ಅರ್ಥವಾಗೋಕೆ ನಿಘಂಟು ಬೇಕಾಗಲಿಲ್ಲ.

ಇನ್ನೊಂದು ವಿಷಯ. ಲಿಬಿಯನ್ನರ ಮೇಲೆ ಇಟಲಿ ಬಿಟ್ಟದ್ದು ಬಿಳಿಯರನ್ನ ಮಾತ್ರ ಅಲ್ಲ. 1890ರಿಂದ ತನ್ನ ವಸಾಹತಾಗಿದ್ದ ಎರಿಟ್ರಿಯಾದಿಂದ ‘ಅಸ್ಕರಿ’ ಸಿಪಾಯಿಗಳನ್ನ ತಂದು ಬಿಟ್ಟಿತು. ಆಮೇಲೆ ಲಿಬಿಯಾದ ಸಿಪಾಯಿಗಳನ್ನ ಇಥಿಯೋಪಿಯಾದ ಯುದ್ಧಕ್ಕೆ ಕಳಿಸಿತು. ತುಳಿಸಿಕೊಂಡವನ ಕೈಲೇ ಇನ್ನೊಬ್ಬನನ್ನ ತುಳಿಸೋದು. ಸಂಬಳಕ್ಕೆ ಬಂದ ಆ ಎರಿಟ್ರಿಯಾದ ಹುಡುಗ ಏನು ಯೋಚಿಸ್ತಿದ್ದ? ಎರಡೂವರೆ ಗಂಟೆ ಮೀರಿದ ಸಿನಿಮಾದಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಗಡಾಫಿಗೆ ಬೇಕಾಗಿದ್ದದ್ದು ಒಬ್ಬ ರಾಷ್ಟ್ರವೀರ, ಅಷ್ಟೇ.

ಗ್ರಾಜಿಯಾನಿ ಏನಾದ? 1937ರ ಫೆಬ್ರವರಿಯಲ್ಲಿ ಅಡಿಸ್ ಅಬಾಬಾದಲ್ಲಿ ಇನ್ನೊಂದು ಮಾರಣಹೋಮ ನಡೆದದ್ದು ಅವನ ಆಳ್ವಿಕೆಯಲ್ಲೇ. ಯುದ್ಧ ಮುಗಿದ ಮೇಲೆ ಜರ್ಮನರ ಜತೆ ಕೈಜೋಡಿಸಿದ್ದಕ್ಕೆ ಶಿಕ್ಷೆಯಾಯ್ತು, ಆಫ್ರಿಕಾದ ಹೆಣಗಳಿಗಲ್ಲ. ಕೆಲವೇ ತಿಂಗಳಲ್ಲಿ ಹೊರಗೆ ಬಂದ. 2012ರಲ್ಲಿ ಅಫೀಲೆ ಊರಲ್ಲಿ ಅವನಿಗೆ ಸ್ಮಾರಕ ಕಟ್ಟಿದರು.

2008ರಲ್ಲಿ ಇಟಲಿ ಲಿಬಿಯಾಕ್ಕೆ ಕ್ಷಮೆ ಕೇಳಿ 500 ಕೋಟಿ ಡಾಲರ್ ಕೊಡೋ ಒಪ್ಪಂದ ಮಾಡಿಕೊಂಡಿತು. ಸಮುದ್ರ ದಾಟಿ ಬರೋ ಬಡವರನ್ನ ತಡೀಬೇಕು ಅನ್ನೋದೂ ಅದರಲ್ಲೇ ಇತ್ತು. 2009ರ ಜೂನ್‌ನಲ್ಲಿ ಗಡಾಫಿ ಸರಪಳಿ ತೊಟ್ಟ ಮುಖ್ತಾರನ ಫೋಟೋ ಎದೆಗೆ ಸಿಕ್ಕಿಸಿಕೊಂಡು ರೋಮ್‌ನಲ್ಲಿ ಇಳಿದ. ಅದೇ ವಾರ ನಿಷೇಧದ ಸಿನಿಮಾ ಇಟಲಿಯ ಟೀವಿಯಲ್ಲಿ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ, ಮೇ 6ರಂದು, ನಡುಗಡಲಲ್ಲಿ ದೋಣಿಗಳನ್ನ ತಡೆದ ಇಟಲಿಯ ಹಡಗುಗಳು ಸುಮಾರು ಇನ್ನೂರು ಜನರನ್ನ ವಾಪಸು ಟ್ರಿಪೋಲಿಗೆ ತಂದು ಗಡಾಫಿಯ ಅಧಿಕಾರಿಗಳ ಕೈಗೆ ಒಪ್ಪಿಸಿದ್ದವು. ಅವರಲ್ಲಿ 24 ಜನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2012ರಲ್ಲಿ ಗೆದ್ದರು. 11 ಜನ ಸೋಮಾಲಿಯಾದವರು, 13 ಜನ ಎರಿಟ್ರಿಯಾದವರು.