ನೋಡುವ ಮೊದಲೇ ಮಾಡಿಸುವ ಸೇವೆ

ತಪಸ್ಸುಕಾಲ ಬಂತೆಂದರೆ ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಒಂದು ಭಾನುವಾರ ವೃದ್ಧಾಶ್ರಮಕ್ಕೆ ಮೀಸಲು. ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಮಿನಿಬಸ್ಸಿನಲ್ಲಿ ಕರೆದೊಯ್ಯುತ್ತೇವೆ. ಬಾಳೆಹಣ್ಣು, ಬ್ರೆಡ್ಡು, ಬಿಸ್ಕತ್ತು ಹಂಚುತ್ತಾರೆ, ಎರಡು ಹಾಡು ಹಾಡುತ್ತಾರೆ, ಅಜ್ಜ ಅಜ್ಜಿಯರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ಮನೆಯಲ್ಲಿ. ಒಂಬತ್ತು ವರ್ಷ ನಾನೂ ಹೀಗೆ ಕರೆದುಕೊಂಡು ಹೋದವಳು. ಒಮ್ಮೆ ವಾಪಸು ಬರುವಾಗ, ಯಾರ ಹತ್ತಿರ ಕೂತು ಮಾತಾಡಿದಿರಿ, ಅವರ ಹೆಸರೇನು ಎಂದು ಬಸ್ಸಿನಲ್ಲಿ ಕೇಳಿದೆ. ಇಪ್ಪತ್ತಾರು ಮಕ್ಕಳಲ್ಲಿ ಒಬ್ಬರಿಗೂ ಒಂದು ಹೆಸರೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಯಾರಿಗೆ ಕೊಡಬೇಕು, ಏನು ಕೊಡಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನೆಲ್ಲ ದೊಡ್ಡವರಾದ ನಾವು ವಾರದ ಮೊದಲೇ ಗೊತ್ತುಮಾಡಿದ್ದೆವು. ಅವರ ಪಾಲಿಗೆ ಉಳಿದದ್ದು ಹಂಚುವ ಕೆಲಸವೊಂದೇ. ಹದಿಹರೆಯದವರ ವಿಶ್ವಾಸ ದಿನನಿತ್ಯದ ಬದುಕಿಗೆ ಇಳಿಯಲಿ ಎಂಬ ಆಸೆಯಿಂದ ಹುಟ್ಟಿದ ಪದ್ಧತಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಎಡವದ ಒಂದು ಪದ್ಧತಿ ನಮ್ಮ ಕೈಯಲ್ಲೇ ಇದೆ. ಅದಕ್ಕೀಗ ನೂರು ವರ್ಷ.

ಅದನ್ನು ರೂಪಿಸಿದ ಗುರು ಜೋಸೆಫ್ ಕಾರ್ಡೈನ್ ಹುಟ್ಟಿದ್ದು 1882ರಲ್ಲಿ, ಬೆಲ್ಜಿಯಂನಲ್ಲಿ. ಬೆಳೆದದ್ದು ಕಲ್ಲಿದ್ದಲು ಮಾರಿ ಬದುಕುತ್ತಿದ್ದ ಮನೆಯಲ್ಲಿ. ಗುರುವಾಗಲೆಂದು ಸೆಮಿನರಿಗೆ ಸೇರಿದ ಹುಡುಗ ರಜೆಗೆ ಊರಿಗೆ ಬಂದಾಗ ಜೊತೆಗಾರರೆಲ್ಲ ಕಾರ್ಖಾನೆ ಸೇರಿಯಾಗಿತ್ತು. ನಿನ್ನೆಯ ಗೆಳೆಯರು ಅವನಿಗೆ ಮುಖ ತಿರುಗಿಸಿದರು. ಧರ್ಮಸಭೆ ಶ್ರೀಮಂತರ ಕಡೆಯದು, ಇವನೂ ಅವರ ಕಡೆ ಸೇರಿದ ಎಂಬ ಸಿಟ್ಟು ಅವರದು. ಆ ನೋವು ಕಾರ್ಡೈನರನ್ನು ಬಿಡಲಿಲ್ಲ. 1912ರಲ್ಲಿ ಬ್ರಸೆಲ್ಸ್ ಪಕ್ಕದ ಲಾಕೆನ್ ಧರ್ಮಕೇಂದ್ರಕ್ಕೆ ಬಂದವರು ಹೊಲಿಗೆ ಕೆಲಸದ ಹುಡುಗಿಯರನ್ನು ಕೂಡಿಸಿ ಚಿಕ್ಕ ಗುಂಪುಗಳನ್ನು ಕಟ್ಟಿದರು. ಪ್ರವಚನದ ಬದಲು ಅಲ್ಲಿ ವಿಚಾರಣೆ ನಡೆಯುತ್ತಿತ್ತು: ಎಷ್ಟು ತಾಸಿನ ಕೆಲಸ, ಎಷ್ಟು ಕೂಲಿ, ಕೂರುವ ಕೋಣೆ ಹೇಗಿದೆ? 1925ರಲ್ಲಿ ಕ್ರೈಸ್ತ ಯುವ ಕಾರ್ಮಿಕರ ಚಳವಳಿ ಅಧಿಕೃತವಾಗಿ ರೂಪು ತಳೆಯುವ ಹೊತ್ತಿಗೆ ಈ ರೂಢಿ ಮೂರು ಮಾತಿನಲ್ಲಿ ನೆಲೆ ನಿಂತಿತ್ತು. ನೋಡು, ವಿವೇಚಿಸು, ಮಾಡು. ಚಳವಳಿಯ ಮೊದಲ ಸಂಗಾತಿಗಳಲ್ಲಿ ಇಬ್ಬರು, ಫೆರ್ನಾಂಡ್ ಟೊನೆ ಮತ್ತು ಪಾಲ್ ಗಾರ್ಸೆ, 1945ರಲ್ಲಿ ನಾಜಿಗಳ ದಾಖಾವ್ ಶಿಬಿರದಲ್ಲಿ ತೀರಿಕೊಂಡರು. 1961ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಈ ಮೂರು ಹೆಜ್ಜೆಗಳನ್ನು ಹೆಸರಿಸಿ, ಯುವಕರು ಇವನ್ನು ರೂಢಿಸಿಕೊಳ್ಳಲಿ ಎಂದರು.

ನಮ್ಮಲ್ಲಿ ಈ ಪದ್ಧತಿ ಶಾಲೆಗಳಿಗೆ ಬಂದದ್ದು ವೈಸಿಎಸ್, ಅಂದರೆ ಯುವ ಕ್ರೈಸ್ತ ವಿದ್ಯಾರ್ಥಿಗಳ ಚಳವಳಿಯ ಮೂಲಕ. ಕ್ರೈಸ್ತ ಮಕ್ಕಳಿಗೆ ವೈಸಿಎಸ್, ಇತರ ಮಕ್ಕಳೂ ಸೇರುವಂತೆ ವೈಎಸ್‌ಎಂ, ಅಂದರೆ ಯುವ ವಿದ್ಯಾರ್ಥಿಗಳ ಚಳವಳಿ. ಚಿಕ್ಕ ಗುಂಪನ್ನು ನಡೆಸುವವರು ವಿದ್ಯಾರ್ಥಿಗಳೇ. ಆ್ಯನಿಮೇಟರ್ ಎನಿಸಿಕೊಂಡ ಹಿರಿಯರು ಪಕ್ಕದಲ್ಲಿ ಕೂರಬೇಕು, ಅಷ್ಟೇ. ಈ ಅಷ್ಟೇ ಎಂಬುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ಎಂಟು ಮಕ್ಕಳ ಗುಂಪಿನಲ್ಲಿ ಶನಿವಾರಗಳನ್ನು ಕಳೆದ ಮೇಲೆ.

ಈ ವಾರ ಏನು ನೋಡಿದಿರಿ ಎಂಬ ಪ್ರಶ್ನೆಗೆ ಮೊದಲೆರಡು ಶನಿವಾರ ಸಿಕ್ಕ ಉತ್ತರಗಳು ಬಡತನ, ಪರಿಸರ ಮಾಲಿನ್ಯ, ಭ್ರಷ್ಟಾಚಾರ. ಎಲ್ಲ ಪ್ರಬಂಧದ ವಿಷಯಗಳು, ಯಾವುದನ್ನೂ ಕಣ್ಣಾರೆ ಕಂಡದ್ದಲ್ಲ. ಬಾಯಿ ತುದಿಗೆ ಬಂದ ಉದಾಹರಣೆಗಳನ್ನು ನುಂಗಿಕೊಂಡು ಸುಮ್ಮನೆ ಕೂತೆ. ಮೂರನೇ ವಾರ ಒಬ್ಬ ಹುಡುಗ ಹೇಳಿದ: ನಮ್ಮ ಬೀದಿಗೆ ಕಸ ಒಯ್ಯಲು ಬರುವ ಅಕ್ಕನ ಎಡಗೈಗೆ ಬಟ್ಟೆ ಸುತ್ತಿದೆ. ಮರುದಿನ ಬಲಿಪೂಜೆ ಮುಗಿದ ಮೇಲೆ ಹೋಗಿ ಅವರನ್ನೇ ಕೇಳಿದರು. ಕಪ್ಪು ಪ್ಲಾಸ್ಟಿಕ್ ಕವರಿನೊಳಗೆ ಒಡೆದ ಬಾಟಲಿ ಇತ್ತಂತೆ. ಮುಂದಿನ ಸಭೆಯಲ್ಲಿ ಲೂಕನ ಶುಭಸಂದೇಶದಿಂದ ಸಮಾರ್ಯದವನ ಸಾಮತಿಯನ್ನು ಓದಿಕೊಂಡೆವು. ಓದಿದ್ದೇ ಒಬ್ಬಳು ಹುಡುಗಿ, "ಮಿಸ್, ಈ ಕಥೆಯಲ್ಲಿ ನಾವು ಸಮಾರ್ಯದವನಲ್ಲ. ಗಾಯ ಮಾಡಿದವರು ನಾವು" ಎಂದಳು. ಒಂಬತ್ತು ವರ್ಷ ಆ ಸಾಮತಿ ಕಲಿಸಿದ ನನಗೆ ಅದು ಹೊಳೆದಿರಲಿಲ್ಲ.

ಅವರು ಆರಿಸಿಕೊಂಡ ಕೆಲಸ ಚಿಕ್ಕದು. ಒಡೆದ ಗಾಜನ್ನು ಹಳೆಯ ಪೇಪರಿನಲ್ಲಿ ಸುತ್ತಿ, ರಟ್ಟಿನ ಡಬ್ಬಕ್ಕೆ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ "ಗಾಜು" ಎಂದು ಬರೆದು ಕೈಗೆ ಕೊಡುವುದು. ಐದು ವಾರದಲ್ಲಿ ಹನ್ನೊಂದು ಮನೆಗಳು ಒಪ್ಪಿದವು. ಆ ಅಕ್ಕನ ಹೆಸರು ಎಂಟೂ ಮಕ್ಕಳಿಗೆ ಗೊತ್ತಾಯಿತು. ಫೋಟೊ ಮಾತ್ರ ಯಾರೂ ತೆಗೆಯಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಪದ್ಧತಿಯನ್ನು ಇಟ್ಟು ನೋಡಬೇಕು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಬೋಧಕ ಚಾರ್ಲ್ಸ್ ಶೆಲ್ಡನ್ 1896ರಲ್ಲಿ ಬರೆದ ಒಂದು ಕಾದಂಬರಿಯಲ್ಲಿ ಸಭೆಯ ಕೆಲವರು ವರ್ಷವಿಡೀ, ಏನು ಮಾಡುವ ಮೊದಲೂ, ಯೇಸು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಿಕೊಳ್ಳುವ ಪಣ ತೊಡುತ್ತಾರೆ. ಆ ಪ್ರಶ್ನೆಯ ನಾಲ್ಕು ಇಂಗ್ಲಿಷ್ ಮೊದಲಕ್ಷರಗಳನ್ನು ನೇಯ್ದ ಕೈಪಟ್ಟಿ 1989ರಲ್ಲಿ ಮಿಷಿಗನ್ ರಾಜ್ಯದ ಒಂದು ಯುವಗುಂಪಿನಲ್ಲಿ ಹುಟ್ಟಿ, ಮುಂದೆ ಲಕ್ಷಾಂತರ ಮಕ್ಕಳ ಮುಂಗೈ ಸೇರಿತು. ಆ ಪ್ರಶ್ನೆ ಒಳ್ಳೆಯದು. ಸಿಟ್ಟು ಬಂದಾಗ, ಸುಳ್ಳು ನಾಲಗೆಗೆ ಬಂದಾಗ ಅದು ಮಗುವನ್ನು ತಡೆದು ನಿಲ್ಲಿಸಬಹುದು. ಆದರೆ ಅದು ಏಳುವುದು ಸಮಸ್ಯೆ ತಾನಾಗಿ ಎದುರು ಬಂದು ನಿಂತಾಗ. ಬಟ್ಟೆ ಸುತ್ತಿದ ಕೈಯನ್ನು ಗಮನಿಸಲು ಕೈಪಟ್ಟಿ ಕಲಿಸುವುದಿಲ್ಲ. ಅದು ಒಬ್ಬೊಬ್ಬರೇ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ. ಕಾರ್ಡೈನರ ಪದ್ಧತಿಯಲ್ಲಿ ಎಂಟು ಜೋಡಿ ಕಣ್ಣುಗಳಿವೆ, ಒಬ್ಬರು ತಪ್ಪಿಸಿದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹದಿನಾಲ್ಕರ ವಯಸ್ಸಿನಲ್ಲಿ ಗೆಳೆಯರ ಮಾತಿಗೆ ಇರುವ ತೂಕ ಅಪ್ಪ ಅಮ್ಮನ ಮಾತಿಗೂ ಇರುವುದಿಲ್ಲ. ಈ ಪದ್ಧತಿ ಆ ತೂಕವನ್ನೇ ಬಳಸಿಕೊಳ್ಳುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಕಾರ್ಡೈನರನ್ನೇ ಆರಿಸುತ್ತೇನೆ.

ಹಾಗೆಂದು ಇದರಲ್ಲಿ ಕೊರತೆ ಇಲ್ಲವೆನ್ನಲಾರೆ. ವಿವೇಚಿಸುವ ಹೆಜ್ಜೆ ಬಲು ಬೇಗ ಸವೆಯುತ್ತದೆ. ಮಾಡಬೇಕಾದ ಕೆಲಸವನ್ನು ಮೊದಲೇ ತೀರ್ಮಾನಿಸಿ, ಅದಕ್ಕೆ ಹೊಂದುವ ವಚನವನ್ನು ಬೈಬಲ್ಲಿನಲ್ಲಿ ಹುಡುಕುವ ಸಭೆಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಶುಭಸಂದೇಶ ಬರೀ ಮೊಹರು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಮೂರನೇ ಹೆಜ್ಜೆಯಲ್ಲಿ ನಿಂತುಬಿಟ್ಟರೆ ಚಿಕ್ಕ ಕೆಲಸವೇ ದೊಡ್ಡ ಸಮಾಧಾನ ಕೊಟ್ಟುಬಿಡುತ್ತದೆ. ಹನ್ನೊಂದು ಮನೆಯ ಗಾಜು ಬೇರೆಯಾಯಿತು, ಸರಿ. ಆ ಅಕ್ಕನಿಗೆ ಗಟ್ಟಿ ಕೈಗವಸು ಯಾಕಿಲ್ಲ, ಗಾಯವಾದ ದಿನದ ಸಂಬಳ ಸಿಕ್ಕಿತೇ ಎಂದು ಕೇಳಲು ಮತ್ತೆ ಮೊದಲ ಹೆಜ್ಜೆಗೆ ಮರಳಬೇಕು. ಆ ಸಲ ನಾವು ಮರಳಲಿಲ್ಲ.

ಮರಳಿದಾಗ ಏನಾಗುತ್ತದೆ ಎಂಬುದೂ ಗೊತ್ತಿದೆ. ಚರ್ಚಿನ ವಾರ್ಷಿಕ ಹಬ್ಬದ ಊಟ ಮುಗಿದ ಮೇಲೆ ಅದೇ ಮಕ್ಕಳು ಸಭಾಂಗಣದ ಹಿಂದೆ ಎಲೆ, ಅನ್ನ, ಸೋಡಾ ಬಾಟಲಿ ಎಲ್ಲ ಒಂದೇ ರಾಶಿಯಲ್ಲಿ ಬಿದ್ದದ್ದನ್ನು ಕಂಡರು. ಪಾಲನಾ ಸಮಿತಿಗೆ ಒಂದು ಪುಟದ ಪತ್ರ ಬರೆದರು. ಉತ್ತರ ಬರಲಿಲ್ಲ. ಮಕ್ಕಳಿಗೆ ಮೊದಲು ಜಪಸರ ಕಲಿಸಿ ಎಂದು ಹಿರಿಯರೊಬ್ಬರು ನನಗೆ ಹೇಳಿದರು. ವೃದ್ಧಾಶ್ರಮಕ್ಕೆ ಬಸ್ಸು ಕೊಡುವಾಗ ಯಾರೂ ಹಾಗೆ ಹೇಳಿರಲಿಲ್ಲ. ಮಕ್ಕಳ ನೋಟ ಹೊರಗಿನವರ ಮೇಲಿದ್ದಷ್ಟು ದಿನ ನಮಗೆ ಸಂತೋಷ, ಒಳಗೆ ತಿರುಗಿದರೆ ಕಸಿವಿಸಿ. ಗಾಜಿನ ಬಾಟಲಿಗೇ ಹೀಗಾದರೆ ಜಾತಿಯ ಮಾತೆತ್ತಿದರೆ ಏನಾದೀತು? ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣ ನೀತಿಯನ್ನು ಹೊರತಂದು, ಅಸ್ಪೃಶ್ಯತೆ ಸಭೆಯೊಳಗೂ ಇದೆ ಎಂದು ತಾನೇ ಒಪ್ಪಿಕೊಂಡಿದೆ. ಧರ್ಮಾಧ್ಯಕ್ಷರು ಕಂಡದ್ದನ್ನು ಒಂಬತ್ತನೇ ತರಗತಿಯ ಮಕ್ಕಳು ಕಾಣಬಾರದೆಂದರೆ ಹೇಗೆ?

ಹೀಗೆ ಕಣ್ತೆರೆದು ನೋಡಬಲ್ಲವನಾಗಿದ್ದ ಯುವಕನೊಬ್ಬ ಈಗ ಸಂತ. ಹದಿನೈದನೇ ವಯಸ್ಸಿಗೆ ತೀರಿಕೊಂಡ ಕಾರ್ಲೊ ಅಕುಟಿಸ್ ಜೊತೆಗೆ ಪಿಯೆರ್ ಜಾರ್ಜಿಯೊ ಫ್ರಸ್ಸಾತಿಯೂ 2025ರ ಸೆಪ್ಟೆಂಬರ್ 7ರಂದು ಸಂತರ ಸಾಲಿಗೆ ಸೇರಿದರು. ಕಂಪ್ಯೂಟರ್ ಬಲ್ಲ ಕಾರ್ಲೊನ ಚಿತ್ರ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಈಗಾಗಲೇ ಇದೆ. ಫ್ರಸ್ಸಾತಿಯ ಕಥೆಯನ್ನೂ ಹೇಳಬೇಕು. ಟ್ಯೂರಿನ್ ನಗರದ ಶ್ರೀಮಂತ ಮನೆಯ ಮಗ, 1925ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಪೋಲಿಯೊದಿಂದ ತೀರಿಕೊಂಡವನು. ಬಡವರ ಮನೆಗಳಿಗೆ ಅವನು ಎಷ್ಟು ಓಡಾಡಿದ್ದ ಎಂಬುದು ಹೆತ್ತವರಿಗೆ ತಿಳಿದದ್ದು ಶವಯಾತ್ರೆಗೆ ಸೇರಿದ ಬಡವರ ಗುಂಪನ್ನು ಕಂಡಾಗ. ಸಾಯುವ ಮುನ್ನಾದಿನ, ಲಕ್ವ ಹೊಡೆಯುತ್ತಿದ್ದ ಕೈಯಲ್ಲಿ ಅವನು ಗೀಚಿದ ಚೀಟಿಯಲ್ಲಿ ಇದ್ದದ್ದು ಒಬ್ಬ ಬಡವನ ಹೆಸರು, ಅವನಿಗೆ ತಲುಪಬೇಕಾದ ಚುಚ್ಚುಮದ್ದಿನ ವಿಷಯ.

ನನ್ನ ಗುಂಪಿನ ಮಕ್ಕಳು ಹತ್ತನೇ ತರಗತಿಗೆ ಬಂದರು. ಶನಿವಾರಗಳನ್ನು ಟ್ಯೂಷನ್ ಹಿಡಿಯಿತು, ಗುಂಪು ನಿಂತಿತು. ಈ ಬರಹವನ್ನು ಓದುತ್ತಿರುವ ಧರ್ಮೋಪದೇಶಕರಲ್ಲಿ, ಸಂಡೇ ಸ್ಕೂಲಿನ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ: ಬರುವ ಭಾನುವಾರ ಮಕ್ಕಳ ಕೈಗೆ ಯಾವ ಕೆಲಸವನ್ನೂ ಕೊಡಬೇಡಿ. ಈ ವಾರ ಏನು ನೋಡಿದಿರಿ ಎಂದು ಕೇಳಿ, ಉತ್ತರಕ್ಕೆ ಮೂರು ವಾರ ಹಿಡಿದರೂ ಕಾಯಿರಿ.