1992ರ ಗೆರೆಯ ಆಚೆಗೆ ಇಳಯರಾಜ

ಇಳಯರಾಜ ಅವರ ಮಾತು ಬಂದರೆ 1992ಕ್ಕೊಂದು ಗೆರೆ ಎಳೆಯುವುದು ವಾಡಿಕೆ. 1976ರ ‘ಅನ್ನಕ್ಕಿಳಿ’ಯಿಂದ ‘ದಳಪತಿ’ಯವರೆಗೆ ಸಾಮ್ರಾಜ್ಯ, ಎ.ಆರ್. ರೆಹಮಾನ್ ಅವರ ‘ರೋಜಾ’ ಬಂದ ಮೇಲೆ ಅಸ್ತಮಾನ. ಈ ಕಥೆ ಎಷ್ಟು ಸಲೀಸಾಗಿದೆಯೆಂದರೆ, ಆಮೇಲಿನ ಸಂಗೀತವನ್ನು ಕೂತು ಕೇಳುವ ಶ್ರಮವನ್ನೇ ಅದು ಉಳಿಸಿಬಿಡುತ್ತದೆ. ಗೆರೆ ಎಳೆದದ್ದು ಕ್ಯಾಸೆಟ್ ಮಾರುಕಟ್ಟೆ. ವಿಮರ್ಶಕರು ಅದನ್ನೇ ಸಂಗೀತದ ಚರಿತ್ರೆ ಎಂದುಕೊಂಡರು.

ಕನ್ನಡದಲ್ಲಂತೂ ಆ ಗೆರೆ ನಿಲ್ಲುವುದೇ ಇಲ್ಲ. ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕೆಲಸ ಕಲಿತ ಇಳಯರಾಜ ನಮಗೆ 1981ರಲ್ಲಿ ‘ಗೀತಾ’ ಕೊಟ್ಟರು, ನಿಜ. ಆದರೆ ‘ನಮ್ಮೂರ ಮಂದಾರ ಹೂವೆ’ 1996ರದು. ಆ ಹೊತ್ತಿಗೆ ‘ರೋಜಾ’ಕ್ಕೆ ನಾಲ್ಕು ವರ್ಷ ತುಂಬಿತ್ತು. 2007ರ ‘ಆ ದಿನಗಳು’ ಚಿತ್ರದ ಮಚ್ಚು-ಲಾಂಗುಗಳ ಲೋಕದಲ್ಲಿ ಅಷ್ಟು ಮೃದುವಾದ ಪ್ರೇಮಗೀತೆ ಇಡಲು ಬೇಕಾದ ನಾಟಕೀಯ ವಿವೇಕ, ಮುಗಿದುಹೋದ ಸಂಗೀತಗಾರನದ್ದಲ್ಲ.

ಹಾಗೆಂದು ಏನೂ ಕುಸಿದಿಲ್ಲವೆನ್ನುವ ಅಭಿಮಾನಿಗಳ ಪಕ್ಷವನ್ನೂ ನಾನು ಸೇರಲಾರೆ. ಕುಸಿದಿದೆ, ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು: ಇಂಟರ್‌ಲ್ಯೂಡ್‌ಗಳಲ್ಲಿ. ಎಂಬತ್ತರ ದಶಕದ ಅವರ ಹಾಡಿನಲ್ಲಿ ಮೊದಲ ಚರಣಕ್ಕೆ ಮುನ್ನ ಬರುವ ವಾದ್ಯಭಾಗವೇ ಬೇರೆ, ಎರಡನೆಯದಕ್ಕೆ ಮುನ್ನ ಬರುವುದೇ ಬೇರೆ. ಎರಡೂ ಹಾಡನ್ನು ಹೊಸ ದಿಕ್ಕಿಗೆ ತಿರುಗಿಸಿ ಮತ್ತೆ ಪಲ್ಲವಿಗೆ ತಂದುಬಿಡುತ್ತಿದ್ದವು. ಬೇಸ್ ಗಿಟಾರ್ ಬರೀ ತಾಳ ಹಿಡಿಯದೆ ಗಾಯಕರೊಡನೆ ಸಂವಾದಕ್ಕಿಳಿಯುತ್ತಿತ್ತು. ತೊಂಬತ್ತರ ಕೊನೆಗೆ ಬರುವಾಗ ಎಷ್ಟೋ ಹಾಡುಗಳಲ್ಲಿ ಈ ಸಂವಾದ ತೆಳುವಾಯಿತು, ನಿಜವಾದ ಪಿಟೀಲುಗಳ ಜಾಗದಲ್ಲಿ ಕೀಬೋರ್ಡಿನ ಪಿಟೀಲು ಕೂತಿತು. ರೆಹಮಾನ್ ನಾದದ ಮೈಬಣ್ಣವನ್ನೇ ಸಂಯೋಜನೆಯ ವಸ್ತು ಮಾಡಿಕೊಂಡ ಕಾಲವದು. ಕಾಗದದ ಮೇಲೆ ಸ್ವರ ಬರೆದು ಮುಗಿಸುವ ಇಳಯರಾಜ ಅದನ್ನು ಎರಡನೆಯ ವಿಷಯವೆಂದೇ ಬಗೆದರು. ಅದಕ್ಕೆ ಅವರ ಹಾಡುಗಳು ಬೆಲೆ ತೆತ್ತಿವೆ.

ಆದರೆ ಅವರ ಪ್ರತಿಭೆ ಅಷ್ಟರಲ್ಲಿ ಬೇರೆ ಕಡೆ ದುಡಿಯುತ್ತಿತ್ತು. ಅವರ ಐದು ರಾಷ್ಟ್ರಪ್ರಶಸ್ತಿಗಳಲ್ಲಿ 1992ರ ನಂತರದವು ಎರಡು: 2009ರ ‘ಪಳಶ್ಶಿರಾಜ’, 2015ರ ‘ತಾರೈ ತಪ್ಪಟ್ಟೈ’. ಎರಡೂ ಬಂದದ್ದು ಹಿನ್ನೆಲೆ ಸಂಗೀತಕ್ಕೆ. ರೀರೆಕಾರ್ಡಿಂಗ್‌ನಲ್ಲಿ ಅವರು ಮೊದಲಿನಿಂದಲೂ ನಿಸ್ಸೀಮರು, ಇದರಲ್ಲಿ ಹೊಸದೇನು ಎಂದು ಕೇಳಬಹುದು. ಹೊಸದಿದೆ. ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ಯನ್ನೇ (1983) ನೋಡಿ. ಮುಂದೆ ಐಡಿಯಾ ಮೊಬೈಲ್ ಜಾಹೀರಾತಿನಲ್ಲಿ ದೇಶವೆಲ್ಲ ಕೇಳಿದ ಅದರ ಥೀಮ್, ಹಾಡಿನ ಟ್ಯೂನ್‌ನ ನೆರಳಲ್ಲೇ ಬೆಳೆದದ್ದು. ಆಗ ಹಾಡು ಯಜಮಾನ, ಹಿನ್ನೆಲೆ ಅದರ ಮನೆಯವರು. ಮಿಷ್ಕಿನ್ ಅವರ ‘ಓನಾಯುಂ ಆಟ್ಟುಕ್ಕುಟ್ಟಿಯುಂ’ (2013) ಹೊತ್ತಿಗೆ ಹಾಡೇ ಇಲ್ಲ. ಟೈಟಲ್ ಕಾರ್ಡಿನಲ್ಲೇ ಹಿನ್ನೆಲೆ ಸಂಗೀತವನ್ನು ‘ಮುನ್ನೆಲೆ ಸಂಗೀತ’ ಎಂದು ಕರೆದಿದ್ದಾರೆ. ಕಥಾನಾಯಕ ಒಬ್ಬ ಕೊಲೆಗಾರ. ಅವನ ಪಶ್ಚಾತ್ತಾಪದ ಕಾರಣ ಚಿತ್ರದ ಕೊನೆಯ ಭಾಗದವರೆಗೂ ನಮಗೆ ತಿಳಿಯುವುದಿಲ್ಲ. ತಂತಿವಾದ್ಯಗಳು ಮಾತ್ರ ಬಹಳ ಮೊದಲೇ ಅವನಿಗಾಗಿ ಶೋಕಿಸತೊಡಗುತ್ತವೆ. ಮಾತು ಮುಚ್ಚಿಟ್ಟ ಸತ್ಯವನ್ನು ಸಂಗೀತ ಮುಂಗಡವಾಗಿ ಹೇಳುವ ಈ ಬಗೆ, ನನ್ನ ದೃಷ್ಟಿಯಲ್ಲಿ, ‘ದಳಪತಿ’ಯ ವೈಭವಕ್ಕಿಂತ ಕಠಿಣವಾದ ಕಲೆ.

ಜನ ಗುನುಗದ ಸಂಗೀತಕ್ಕೆ ಪ್ರಭಾವ ಎಲ್ಲಿಯದು ಎಂಬ ಆಕ್ಷೇಪ ನನಗೆ ಗೊತ್ತು. ಗುನುಗುವುದೊಂದೇ ಅಳತೆಗೋಲಾದರೆ ನಾವು ಸಿನಿಮಾ ಸಂಗೀತದ ಬಗ್ಗೆ ಮಾತಾಡುತ್ತಲೇ ಇಲ್ಲ, ರೇಡಿಯೊ ಬಗ್ಗೆ ಮಾತಾಡುತ್ತಿದ್ದೇವೆ. ಇಳಯರಾಜ ಅವರದೇ ಕನ್ನಡ ಚಿತ್ರ ‘ದೃಶ್ಯ’ದ (2014) ಹಾಡುಗಳು ಸಾಧಾರಣವೆಂದು ನಾನೂ ಒಪ್ಪುತ್ತೇನೆ. ಆದರೆ ತೀರ್ಪು ಕೊಡುವ ಮುನ್ನ ಆ ಚಿತ್ರವನ್ನು ಇನ್ನೊಮ್ಮೆ ನೋಡಬೇಕು, ಹಾಡಿಲ್ಲದ ಭಾಗಗಳಲ್ಲಿ ಕಿವಿ ತೆರೆದು.